ಕನ್ನಡಿ, ನಗ ಎರಡು

ಈ ದೇಶದ ವಿಜ್ಞಾನದ ಚರಿತ್ರೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಲು ಕೂತರೆ ಸೆಪ್ಟೆಂಬರ್ ಎಂಟನೇ ತಾರೀಖಿನ ಸೋಮವಾರಕ್ಕೆ ಒಂದು ಇಡೀ ಅಧ್ಯಾಯ ಮೀಸಲಿಡಬೇಕಾಗುತ್ತದೆ. ಅಂದು ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ದೆಹಲಿಯ ರಾಷ್ಟ್ರೀಯ ಪ್ರಕಾಶ ಮಾಪನ ಕೇಂದ್ರದ ನಾಲ್ಕನೇ ಬ್ಲಾಕಿನ ನೆಲಮಾಳಿಗೆಯಲ್ಲಿ, ಇಬ್ಬರು ಗೆಜೆಟೆಡ್ ಅಧಿಕಾರಿಗಳ ಸಮಕ್ಷಮ, ಎರಡು ಸ್ಟಿಕರುಗಳು ಸಿಗಲಿಲ್ಲ.

ಸ್ಟಿಕರ್ ಅಂದರೆ ಹೆಬ್ಬೆರಳ ಉಗುರಿನಷ್ಟಗಲದ ಬಿಳಿ ಚೀಟಿ, ಅದರ ಮೇಲೊಂದು ಸಂಖ್ಯೆ. ಕೇಂದ್ರದ ಪ್ರತಿ ಕುರ್ಚಿಗೆ, ಫ್ಯಾನಿಗೆ, ಲೇಸರಿಗೆ, ಕಸದ ಬುಟ್ಟಿಗೆ ಒಂದೊಂದು ಇರುತ್ತದೆ. ಚೀಟಿ ಇದ್ದರೆ ವಸ್ತು ಇದೆ. ಚೀಟಿ ಇಲ್ಲದ ವಸ್ತು, ಎದುರಿಗೇ ಬಿದ್ದುಕೊಂಡು ಕಾಲಿಗೆ ತಾಗಿದರೂ, ಇನ್ನೂ ಇರಲು ಶುರು ಮಾಡಿಲ್ಲ.

ಡಾಕ್ಟರ್ ಶಂಕರ ಈ ಕೇಂದ್ರದಲ್ಲಿ ಮೂವತ್ತೊಂದು ವರ್ಷ ದುಡಿದು ಆ ತಿಂಗಳ ಮೂವತ್ತಕ್ಕೆ ನಿವೃತ್ತರಾಗುವವರಿದ್ದರು. ಅವರ ಹೆಸರಿನಲ್ಲಿ ಇನ್ನೂರ ಹದಿನಾಲ್ಕು ವಸ್ತುಗಳಿದ್ದವು. ಅವನ್ನೆಲ್ಲ ಕಿರಿಯ ವಿಜ್ಞಾನಿ ಧಾರಿಣಿಯ ಹೆಸರಿಗೆ ದಾಟಿಸಬೇಕು. ದಾಟಿಸುವ ಮೊದಲು ಉಗ್ರಾಣ ವಿಭಾಗದ ಚಂದ್ರಕಾಂತ ಒಂದೊಂದನ್ನೂ ಕಣ್ಣಾರೆ ಕಂಡು ಟಿಕ್ ಹಾಕಬೇಕು. ಇನ್ನೂರ ಹನ್ನೆರಡಕ್ಕೆ ಟಿಕ್ ಬಿದ್ದಿತ್ತು. ಮೂರು ಕಾಲಿನ ಒಂದು ಸ್ಟೂಲಿಗೂ ಬಿದ್ದಿತ್ತು. ನಾಲ್ಕನೇ ಕಾಲು ಸಿಗದಿದ್ದರೂ ಸ್ಟಿಕರ್ ಇದ್ದದ್ದು ಉಳಿದ ಮೂರರಲ್ಲೊಂದರ ಮೇಲಾದ್ದರಿಂದ ತೊಂದರೆಯಾಗಲಿಲ್ಲ. ಉಳಿದದ್ದು ರಿಜಿಸ್ಟರಿನ ತೊಂಬತ್ತೊಂದನೇ ಪುಟದ ಒಂದು ಸಾಲು: ‘ಕನ್ನಡಿ, ಒಂದಂಗುಲ, ನಗ ಎರಡು.’ ಉಗ್ರಾಣದ ಭಾಷೆಯಲ್ಲಿ ನಗ ಎಂದರೆ ಬಿಡಿವಸ್ತು.

ಎಲ್ಲಿವೆ ಎಂದು ಚಂದ್ರಕಾಂತ ಕೇಳಿದರು. ಶಂಕರ ಮೇಜಿನ ಮೇಲಿದ್ದ ಉಕ್ಕಿನ ಡ್ರಮ್ಮನ್ನು ತೋರಿಸಿದರು. ಅಡಿಗೆ ಗ್ಯಾಸಿನ ಸಿಲಿಂಡರನ್ನು ಅಡ್ಡ ಮಲಗಿಸಿದ ಹಾಗಿತ್ತು ಅದು. ಸುತ್ತ ಬೋಲ್ಟು, ಒಂದು ಬದಿಗೆ ಸದಾ ಗುಂಯ್‌ಗುಡುವ ಪಂಪು.

‘ಮುಚ್ಚಳ ತೆಗೀರಲ್ಲ ಸಾರ್, ನೋಡಿಬಿಡೋಣ’ ಎಂದರು ಚಂದ್ರಕಾಂತ.

‘ತೆಗೆದರೆ ಸತ್ತುಹೋಗುತ್ತೆ’ ಎಂದರು ಶಂಕರ.

ಯಾವುದು ಎಂದು ಚಂದ್ರಕಾಂತ ಕೇಳಲಿಲ್ಲ. ಇಪ್ಪತ್ತನಾಲ್ಕು ವರ್ಷದ ಉಗ್ರಾಣದ ನೌಕರಿಯಲ್ಲಿ ವಿಜ್ಞಾನಿಗಳನ್ನು ಏನಾದರೂ ಕೇಳಿದರೆ ಊಟದ ಹೊತ್ತು ಮೀರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಶಂಕರ ಕೇಳದೆಯೇ ಹೇಳಿದರು. ಆ ಡ್ರಮ್ಮಿನೊಳಗೆ ಗೇಣಿಗಿಂತ ಗಿಡ್ಡದ ಒಂದು ಗಾಜಿನ ತುಂಡಿದೆ. ಅದರ ಎರಡು ತುದಿಗೆ ಎರಡು ಕನ್ನಡಿ. ಒಳಗೆ ಗಾಳಿಯಿಲ್ಲ. ಲೇಸರಿನ ಬೆಳಕು ಒಂದು ಕಡೆಯಿಂದ ಹೊಕ್ಕು ಆ ಎರಡರ ನಡುವೆ ಲಕ್ಷ ಸಲ ಹೋಗಿ ಬಂದು ಮಾಡುತ್ತದೆ. ಗಾಜು ಮುದಿಯಾಗುತ್ತ ಕುಗ್ಗುತ್ತದೆ, ದಿನಕ್ಕೆ ಒಂದು ಪರಮಾಣುವಿನ ಹತ್ತರಲ್ಲೊಂದು ಪಾಲೂ ಇಲ್ಲದಷ್ಟು. ಅದನ್ನು ಅವರು ದಿನಾ ಬೆಳಿಗ್ಗೆ ಹತ್ತಕ್ಕೆ ಅಳೆದು ಬರೆಯುತ್ತಿದ್ದಾರೆ. ನಾಲ್ಕು ವರ್ಷ ಎರಡು ತಿಂಗಳಾಯಿತು, ಒಂದು ದಿನವೂ ತಪ್ಪಿಲ್ಲ. ಐದು ವರ್ಷ ತುಂಬಿದರೆ ಗಾಜು ಯಾವ ಲೆಕ್ಕದಲ್ಲಿ ಮುದಿಯಾಗುತ್ತದೆಂದು ಧೈರ್ಯವಾಗಿ ಹೇಳಬಹುದು. ಇನ್ನು ಹತ್ತು ತಿಂಗಳು ಬೇಕು. ಡ್ರಮ್ ತೆರೆದರೆ ಗಾಳಿ ನುಗ್ಗುತ್ತದೆ, ಗಾಜು ಬೆಚ್ಚುತ್ತದೆ, ಲೆಕ್ಕ ಸೊನ್ನೆಗೆ ಬರುತ್ತದೆ.

ಆ ಹತ್ತು ತಿಂಗಳಿಗೆ ಶಂಕರ ಏರ್ಪಾಡು ಮಾಡಿಕೊಂಡಿದ್ದರು. ನಿವೃತ್ತಿಯ ಮರುದಿನದಿಂದ ಒಂದು ವರ್ಷ ಅವರನ್ನು ‘ಗೌರವ ವಿಜ್ಞಾನಿ’ಯಾಗಿ ಇಟ್ಟುಕೊಳ್ಳಲು ಕಡತ ಬಹುಪಾಲು ಮುಗಿದಿತ್ತು. ಸಂಬಳವಿಲ್ಲ, ಕೋಣೆಯಿಲ್ಲ, ಒಂದು ಗೇಟ್ ಪಾಸು ಮತ್ತು ಡ್ರಮ್ಮಿನ ಪಕ್ಕ ಒಂದು ಕುರ್ಚಿ. ಅವರು ಕೇಳಿಕೊಂಡದ್ದೂ ಅಷ್ಟನ್ನೇ.

ಸ್ಟಿಕರುಗಳ ವಿಷಯ ಬೇರೆ. ಕನ್ನಡಿಗೆ ಸ್ಟಿಕರ್ ಹಚ್ಚುವುದು ಕಣ್ಣುಗುಡ್ಡೆಗೆ ಬಿಂದಿ ಅಂಟಿಸಿದ ಹಾಗೆ. ಹಾಗಾಗಿ ಅವನ್ನು ಕನ್ನಡಿ ಬಂದ ಪ್ಲಾಸ್ಟಿಕ್ ಡಬ್ಬಿಗಳಿಗೆ ಅಂಟಿಸಿದ್ದರು. ಡಬ್ಬಿಗಳು ಎರಡು ವರ್ಷದ ಹಿಂದಿನ ಸ್ವಚ್ಛತಾ ಸಪ್ತಾಹದಲ್ಲಿ ಸ್ವಚ್ಛವಾಗಿ ಹೋದವು.

ಚಂದ್ರಕಾಂತ ಕೆಟ್ಟ ಮನುಷ್ಯರಲ್ಲ. ಗದಗಿನ ಕಡೆಯವರು, ಶಂಕರರ ಹಾಗೆ ದ್ವಾರಕಾದಲ್ಲೇ ಮನೆ, ಸಂಜೆ ಒಂದೇ ಮೆಟ್ರೋದಲ್ಲಿ ನೇತಾಡಿಕೊಂಡು ಹೋಗುವವರು. ಆದರೆ ಹಿಂದಿನ ವರ್ಷ ಬೇರೊಂದು ವಿಭಾಗದಲ್ಲಿ ಒಂದು ಸೂಕ್ಷ್ಮದರ್ಶಕ ಹೊರಬಿದ್ದಿತ್ತು, ಅಂದರೆ ಇಲ್ಲವೆಂದು ಹೊರಬಿದ್ದಿತ್ತು. ಏಳು ವರ್ಷ ಏಳು ಜನ ಅದರ ಪೆಟ್ಟಿಗೆಯನ್ನು ನೋಡಿ ‘ಕಂಡೆ’ ಎಂದು ಸಹಿ ಹಾಕಿದ್ದರು. ಕೊನೆಗೊಬ್ಬ ಲೆಕ್ಕ ಪರಿಶೋಧಕ ಪೆಟ್ಟಿಗೆ ತೆರೆದಾಗ ಒಳಗೆ ಥರ್ಮೋಕೋಲು ಮಾತ್ರ ಇತ್ತು. ಏಳನೇ ಸಹಿ ಚಂದ್ರಕಾಂತರದು. ಮೊದಲಿನ ಆರು ಜನ ನಿವೃತ್ತರಾಗಿದ್ದರಿಂದ ಮೆಮೋ ಇವರೊಬ್ಬರಿಗೇ ಬಂತು. ಇನ್ನೊಂದು ಮೆಮೋ ಬಂದರೆ ಎರಡು ವರ್ಷದ ನಂತರದ ಅವರ ನಿವೃತ್ತಿಯೂ ನೆಟ್ಟಗಾಗುತ್ತಿರಲಿಲ್ಲ. ಅಂದಿನಿಂದ ಅವರು ಮುಚ್ಚಿದ್ದನ್ನೆಲ್ಲ ತೆರೆಸಿ ನೋಡುತ್ತಿದ್ದರು. ನಿರ್ದೇಶಕರ ಕೋಣೆಯ ಗೋಡೆ ಗಡಿಯಾರವನ್ನೂ ಇಳಿಸಿ ಹಿಂದೆ ನೋಡಿದ್ದರು.

ಬುಧವಾರ ಶಂಕರ ಅವರನ್ನು ಮತ್ತೆ ಕರೆದು, ಡ್ರಮ್ಮಿನ ಆಚೆ ತುದಿಗೆ ಕೂರಿಸಿದ್ದ ಕ್ಯಾಮೆರಾದ ಪರದೆ ತೋರಿಸಿದರು. ಕಪ್ಪು ನೆಲದ ಮೇಲೆ ಒಂದು ದುಂಡು ಬಿಳಿ ಚುಕ್ಕೆ, ಅಂಚು ಮೆತ್ತಗೆ. ಎರಡು ಕನ್ನಡಿಯೂ ಇದ್ದು, ಕೂದಲೆಳೆಯಷ್ಟೂ ಓರೆಯಾಗದೆ ಎದುರುಬದುರು ನಿಂತರೆ ಮಾತ್ರ ಈ ಚುಕ್ಕೆ ಬರುತ್ತದೆ, ಒಂದಿಲ್ಲದಿದ್ದರೂ ಇಲ್ಲ ಎಂದು ವಿವರಿಸಿದರು. ಚಂದ್ರಕಾಂತ ಗಮನವಿಟ್ಟು ನೋಡಿದರು. ಚಂದ ಇದೆ ಎಂದರು. ಆಮೇಲೆ ರಿಜಿಸ್ಟರ್ ತಿರುವಿ ಹೇಳಿದರು:

‘ಇದು ಬೆಳಕು ಸಾರ್. ಬೆಳಕು ನಿಮ್ಮ ಹೆಸರಲ್ಲಿಲ್ಲ. ನಿಮ್ಮ ಹೆಸರಲ್ಲಿರೋದು ಕನ್ನಡಿ.’

ಮೂವತ್ತೊಂದು ವರ್ಷದಲ್ಲಿ ಶಂಕರರ ಪ್ರಬಂಧಗಳ ಮೇಲೆ ಬಂದ ಆಕ್ಷೇಪಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿರಲಿಲ್ಲ.

ಚಂದ್ರಕಾಂತರೇ ಒಂದು ದಾರಿ ಹೇಳಿಕೊಟ್ಟರು. ಯಾಕೆ ತೋರಿಸಲಾಗದು, ಇವೆ ಎಂದು ಹೇಗೆ ಗೊತ್ತು, ಇಷ್ಟನ್ನು ಒಂದು ಟಿಪ್ಪಣಿಯಾಗಿ ಬರೆದುಕೊಡಿ. ಆಡಳಿತಾಧಿಕಾರಿ ಒಪ್ಪಿದರೆ ನಾನು ಅದರ ಆಧಾರದ ಮೇಲೆ ಟಿಕ್ ಹಾಕುತ್ತೇನೆ. ಹಿಂದಿಯಲ್ಲೇ ಬರೆಯಿರಿ ಅಂತಲೂ ಸೇರಿಸಿದರು. ಹದಿನೈದರಿಂದ ಕೇಂದ್ರದಲ್ಲಿ ಹಿಂದಿ ಪಖವಾಡ, ಆ ಹದಿನೈದು ದಿನ ಹಿಂದಿಯಲ್ಲಿ ಬಂದ ಕಡತಕ್ಕೆ ಮೊದಲ ಆದ್ಯತೆ ಎಂಬ ಸುತ್ತೋಲೆ ಲಿಫ್ಟಿನೊಳಗೂ ಅಂಟಿತ್ತು. ಲಿಫ್ಟು ಕೆಟ್ಟಿತ್ತು.

ನಾನು ಬರೆದುಕೊಡಲೇ ಎಂದು ಧಾರಿಣಿ ಕೇಳಿದಳು. ಮಯೂರ್ ವಿಹಾರಿನಲ್ಲಿ ಹುಟ್ಟಿ ಬೆಳೆದ ಹುಡುಗಿ; ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಟ್ಟು ದೊಡ್ಡವಳಾದವಳು. ಶಂಕರ ಬೇಡವೆಂದರು. ಈ ಊರಿನಲ್ಲಿ ಮೂವತ್ತೊಂದು ವರ್ಷ ತರಕಾರಿ ಭಯ್ಯಾಗಳ ಜೊತೆ ಚೌಕಾಸಿ ಮಾಡಿದ್ದೇನೆ, ಒಂದು ಪುಟ ಬರೆಯಲಾರೆನೇ ಎಂಬ ಹಟ. ಬರವಣಿಗೆಯ ಹಿಂದಿಗೆ ದೆಹಲಿಯ ಕನ್ನಡಿಗರಲ್ಲಿ ಒಂದು ಉಪಾಯವಿದೆ: ಗೊತ್ತಿಲ್ಲದ ಕಡೆ ಸಂಸ್ಕೃತ ಪದ ಹಾಕಿ ಕೊನೆಯ ಸ್ವರ ನುಂಗಿಬಿಡುವುದು. ಹತ್ತರಲ್ಲಿ ಒಂಬತ್ತು ಸಲ ನಡೆಯುತ್ತದೆ. ಹತ್ತನೇ ಸಲಕ್ಕೆ ಶಂಕರ ಹೊಸಬರೇನಲ್ಲ. ಒಮ್ಮೆ ಸಭೆಯಲ್ಲಿ ಅತಿಥಿಗಳು ಈಗ ಉಪನ್ಯಾಸ ಕೊಡುತ್ತಾರೆ ಎಂದು ಘೋಷಿಸಿದ್ದರು; ಹಿಂದಿಯಲ್ಲಿ ಉಪನ್ಯಾಸ್ ಎಂದರೆ ಕಾದಂಬರಿ, ಸಭಿಕರು ತಮಗೊಂದೊಂದು ಕಾದಂಬರಿ ಹಂಚುತ್ತಾರೆಂದು ಕಾದು ಕೂತಿದ್ದರು.

ಟಿಪ್ಪಣಿಗೆ ಕೂತಾಗ ಅವರಿಗೆ ಬಿ.ಎಸ್ಸಿ.ಯಲ್ಲಿ ಎರಡನೇ ಭಾಷೆಯಾಗಿ ಓದಿದ ಸಂಸ್ಕೃತ ನೆನಪಾಯಿತು. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಬೆಂಕಿಯನ್ನು ಯಾರೂ ಕಂಡಿಲ್ಲ, ಆದರೂ ಅದು ಇದೆಯೆಂದು ತರ್ಕಶಾಸ್ತ್ರ ಒಪ್ಪುತ್ತದೆ. ಆ ಒಪ್ಪಿಗೆಗೆ ಶಾಸ್ತ್ರದಲ್ಲಿ ಹೆಸರು ಅನುಮಾನ. ಪ್ರತ್ಯಕ್ಷ ಒಂದು ಪ್ರಮಾಣವಾದರೆ ಅನುಮಾನ ಇನ್ನೊಂದು, ಅಷ್ಟೇ ಘನವಾದದ್ದು. ತಮ್ಮ ಇಡೀ ವೃತ್ತಿಯನ್ನು ಒಂದೇ ಪದದಲ್ಲಿ ಹೇಳಬಹುದೆಂದು ಅರವತ್ತರ ಹೊಸ್ತಿಲಲ್ಲಿ ಹೊಳೆದು ಅವರಿಗೆ ತುಸು ಖುಷಿಯೂ ಆಯಿತು. ಹಿಂದಿಯಲ್ಲಿ ಬರೆದರು: ಕನ್ನಡಿಗಳ ಪ್ರತ್ಯಕ್ಷ ದರ್ಶನ ಸಂಭವವಿಲ್ಲ, ಆದರೆ ಅವುಗಳ ಅಸ್ತಿತ್ವ ‘ಅನುಮಾನ್ ಸೇ ಸಿದ್ಧ್ ಹೈ’.

ಸುತ್ತೋಲೆ ಸುಳ್ಳು ಹೇಳಿರಲಿಲ್ಲ. ಕಡತ ಮೂರೇ ದಿನದಲ್ಲಿ ವಾಪಸು ಬಂತು. ಅಂಚಿನಲ್ಲಿ ಆಡಳಿತಾಧಿಕಾರಿ ಹಸಿರು ಶಾಯಿಯಲ್ಲಿ ಬರೆದಿದ್ದರು: ಕನ್ನಡಿಗಳು ಇರುವುದು ಅಂದಾಜಿನ ಮೇಲೆ ಎಂದು ವಿಜ್ಞಾನಿ ಮಹೋದಯರೇ ಒಪ್ಪಿದ್ದಾರೆ, ಸರ್ಕಾರಿ ಆಸ್ತಿ ಅಂದಾಜಿನ ಮೇಲೆ ಇರತಕ್ಕದ್ದಲ್ಲ, ಇಪ್ಪತ್ತಾರನೇ ತಾರೀಖಿನೊಳಗೆ ಸಮಿತಿಯ ಸಮ್ಮುಖದಲ್ಲಿ ಡ್ರಮ್ ತೆರೆದು ತೋರಿಸಬೇಕು, ತಪ್ಪಿದರೆ ವಿದ್ಯುತ್ ಕಡಿದು ಕೋಣೆಗೆ ಬೀಗಮುದ್ರೆ ಹಾಕಲಾಗುವುದು.

ಧಾರಿಣಿ ಟಿಪ್ಪಣಿಯನ್ನು ಓದಿ ಹಣೆ ಹಿಡಿದುಕೊಂಡಳು. ‘ಸರ್, ಅನುಮಾನ್ ಮತ್‌ಲಬ್ ಅಂದಾಜಾ. ನೀವು ಗೆಸ್ ಅಂತ ಬರೆದಿದೀರ, ಸರ್.’

ವಿದ್ಯುತ್ ಕಡಿದರೆ ಪಂಪು ನಿಲ್ಲುತ್ತದೆ. ಪಂಪು ನಿಂತರೂ ತೆರೆದ ಹಾಗೆಯೇ. ಯಾವ ಬಾಗಿಲಿಂದ ಹೋದರೂ ದಾಖಲೆ ನಾಲ್ಕು ವರ್ಷ ಎರಡು ತಿಂಗಳಿಗೆ ಮುಗಿಯುತ್ತಿತ್ತು.

ಅಂದು ಸಂಜೆ ಮೆಟ್ರೋದಲ್ಲಿ ಇನ್ನೂ ದೊಡ್ಡ ಸಂಗತಿ ತಿಳಿಯಿತು. ಚಂದ್ರಕಾಂತ ಕಂಬ ಹಿಡಿದು ನಿಂತು, ಶಂಕರರ ಮುಖ ನೋಡದೆ, ಬೇಜಾರಿನಿಂದ ಹೇಳಿದರು. ಆಡಳಿತಾಧಿಕಾರಿಗೆ ಕಳಿಸುವ ಮೊದಲು ನಾನು ಟಿಪ್ಪಣಿಯನ್ನು ಮೂರು ಸಲ ಓದಿದೆ, ಶಿಫಾರಸು ಬರೆಯಲು ಪೆನ್ನನ್ನೂ ತೆಗೆದಿದ್ದೆ. ‘ಆದರೆ ನಿಮಗೇ ಅನುಮಾನ ಇದೆ ಅಂತ ನೀವೇ ಬರೆದ ಮೇಲೆ ನಾನೇನು ಶಿಫಾರಸು ಮಾಡಲ್ರಿ?’

ಹೀಗೆ ಒಂದೇ ಪದವನ್ನು ಬರೆದವರು ಸಂಸ್ಕೃತದಲ್ಲಿ ಬರೆದರು, ದಾಟಿಸಿದವರು ಕನ್ನಡದಲ್ಲಿ ಓದಿದರು, ಆಜ್ಞೆ ಹೊರಡಿಸಿದವರು ಹಿಂದಿಯಲ್ಲಿ ಓದಿದರು. ಮೂವರೂ ಸರಿಯಾಗಿಯೇ ಓದಿದ್ದರು. ಶಂಕರ ಉತ್ತಮ್ ನಗರದವರೆಗೂ ಹೊಗೆ, ಬೆಂಕಿ, ಬೆಟ್ಟಗಳನ್ನು ವಿವರಿಸಿದರು. ಪಕ್ಕದಲ್ಲಿ ನಿಂತಿದ್ದವನೊಬ್ಬ ಎಲ್ಲೋ ಬೆಂಕಿ ಬಿದ್ದಿದೆಯೆಂದುಕೊಂಡು ಮೊಬೈಲಿನಲ್ಲಿ ಸುದ್ದಿ ಹುಡುಕತೊಡಗಿದ. ಚಂದ್ರಕಾಂತ ಎಲ್ಲವನ್ನೂ ಕೇಳಿ, ಇದನ್ನು ಮೊದಲೇ ಹೇಳಿದ್ದರೆ ಶಿಫಾರಸು ಬರೆಯುತ್ತಿದ್ದೆ, ಈಗ ಹಸಿರು ಶಾಯಿ ಬಿದ್ದುಹೋಗಿದೆ ಎಂದರು.

ಮರುದಿನ ಶಂಕರ ಕಚೇರಿಯ ಹಿಂದಿಯನ್ನು ನೋಡಿಕೊಳ್ಳುವ ರಾಜಭಾಷಾ ಅಧಿಕಾರಿಯ ಬಳಿ ಹೋದರು. ಅವರು ಸಜ್ಜನರು, ಚಹಾ ತರಿಸಿದರು, ದರ್ಶನಶಾಸ್ತ್ರದಲ್ಲಿ ಆ ಅರ್ಥ ನಿಜಕ್ಕೂ ಇದೆಯೆಂದು ಸಂತೋಷದಿಂದ ಒಪ್ಪಿದರು. ಆಮೇಲೆ ಆಡಳಿತ ಶಬ್ದಾವಳಿ ತೆಗೆದು ಬೆರಳಿಟ್ಟು ತೋರಿಸಿದರು: ಅನುಮಾನ್ ಎಂದರೆ ಎಸ್ಟಿಮೇಟ್. ಕಡತದಲ್ಲಿ ನಡೆಯುವುದು ಈ ಪುಸ್ತಕ, ದರ್ಶನವಲ್ಲ. ಪದ ಬದಲಿಸಬೇಕೆಂದರೆ ಶುದ್ಧಿಪತ್ರ ಹೊರಡಿಸಬಹುದು, ಆದರೆ ಪಖವಾಡ ಮುಗಿಯುವವರೆಗೆ ತಮ್ಮ ಇಡೀ ವಿಭಾಗ ಸ್ಪರ್ಧೆಗಳಲ್ಲಿ ಮುಳುಗಿದೆ. ನಿರ್ದೇಶಕರು ಸಮ್ಮೇಳನಕ್ಕೆಂದು ವಿದೇಶದಲ್ಲಿದ್ದರು; ಫೋನಿನಲ್ಲಿ ಎಲ್ಲ ಕೇಳಿ, ಸ್ಥಳೀಯವಾಗಿ ಪರಿಹರಿಸಿಕೊಳ್ಳಿ ಎಂದರು.

ಇಪ್ಪತ್ತಮೂರಕ್ಕೆ ಸಮಿತಿ ಬಂತು. ಮೂರು ಜನ: ಚಂದ್ರಕಾಂತ, ಆಡಳಿತದ ಒಬ್ಬ ಸಹಾಯಕ, ಧ್ವನಿ ವಿಭಾಗದ ಒಬ್ಬ ವಿಜ್ಞಾನಿ. ತೆರೆಯುವ ಮೊದಲು ಒಂದು ಪ್ರಯತ್ನ ಮಾಡೋಣವೆಂದು ಶಂಕರ ಬೇಡಿಕೊಂಡರು. ಡ್ರಮ್ಮಿನ ಎರಡು ತುದಿಗೂ ನಾಣ್ಯದಗಲದ ಗಾಜಿನ ಕಿಟಕಿಗಳಿದ್ದವು. ಬೆಳಿಗ್ಗೆ ಹತ್ತರ ಅಳತೆ ಮುಗಿಸಿ, ಲೇಸರ್ ಆರಿಸಿ, ಈಚೆ ಕಿಟಕಿಯ ಮುಂದಿನ ಉಪಕರಣಗಳನ್ನು ಧಾರಿಣಿ ಉಸಿರು ಬಿಗಿಹಿಡಿದು ಸರಿಸಿದಳು. ಚಂದ್ರಕಾಂತ ಬಗ್ಗಿ, ಟಾರ್ಚನ್ನು ಕೆನ್ನೆಗೆ ಒತ್ತಿಕೊಂಡು, ಒಂದು ಕಣ್ಣು ಮುಚ್ಚಿ ನೋಡಿದರು.

‘ಏನು ಕಾಣ್ತಿದೆ?’

‘ಕಣ್ಣು.’

‘ಯಾರದು?’

‘ನಂದೇ ಇರಬೇಕು. ಕನ್ನಡಕ ಇದೆ.’

ಹಾಗಿದ್ದರೆ ಅಲ್ಲಿ ಕನ್ನಡಿ ಇರಲೇಬೇಕಲ್ಲ ಎಂದರು ಶಂಕರ. ಚಂದ್ರಕಾಂತ ಬಹಳ ಹೊತ್ತು ಬಗ್ಗಿಯೇ ಇದ್ದರು. ಇಪ್ಪತ್ತನಾಲ್ಕು ವರ್ಷದಲ್ಲಿ ಉಗ್ರಾಣದ ಯಾವ ವಸ್ತುವೂ ಅವರನ್ನು ಹೀಗೆ ತಿರುಗಿ ನೋಡಿರಲಿಲ್ಲ. ಕೊನೆಗೆ ಸೊಂಟ ಹಿಡಿದುಕೊಂಡು ಎದ್ದು, ರಿಜಿಸ್ಟರಿನಲ್ಲಿ ಒಂದಕ್ಕೆ ಟಿಕ್ ಹಾಕಿದರು. ಫೋಟೋ ಬೇಕೆಂದು ಆಡಳಿತದ ಸಹಾಯಕ ಮೊಬೈಲನ್ನು ಕಿಟಕಿಗೆ ಹಿಡಿದ. ಬಂದದ್ದು ಗುಲಾಬಿ ಬಣ್ಣದ ಹಿನ್ನೆಲೆಯಲ್ಲಿ ಅದೇ ಮೊಬೈಲಿನ ಚಿತ್ರ. ಅದನ್ನು ‘ಕನ್ನಡಿ, ನಗ ಒಂದು’ ಎಂಬ ಅಡಿಬರಹದೊಂದಿಗೆ ಕಡತಕ್ಕೆ ಸೇರಿಸಲಾಯಿತು.

ಎರಡನೆಯದು ಮೊದಲನೆಯದರ ಹಿಂದಿತ್ತು. ಮೊದಲನೆಯದು ಕನ್ನಡಿಯಾದ್ದರಿಂದ ಅದರ ಹಿಂದೆ ಏನಿದ್ದರೂ ಕಾಣುವ ಹಾಗಿರಲಿಲ್ಲ. ಆಚೆ ಕಿಟಕಿಯಿಂದ ನೋಡಬಹುದಿತ್ತು. ಆದರೆ ಅಲ್ಲಿ ಕ್ಯಾಮೆರಾವನ್ನು ಕಿಟಕಿಯ ಬೋಲ್ಟುಗಳಿಗೇ ಬಿಗಿದಿದ್ದರು. ಅವನ್ನು ಸಡಿಲಿಸಿದರೆ ಗಾಳಿ ಒಳಹೋಗುತ್ತದೆ. ಚಂದ್ರಕಾಂತ ಬೋಲ್ಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ನಿಟ್ಟುಸಿರು ಬಿಟ್ಟು, ‘ಒಂದು ಬಾಕಿ’ ಎಂದು ಬರೆದರು. ಧ್ವನಿ ವಿಭಾಗದ ವಿಜ್ಞಾನಿ ಇಡೀ ಸಮಯ ಒಂದು ಮಾತೂ ಆಡಲಿಲ್ಲ. ಶುಕ್ರವಾರ ತೆರೆಯುವುದೆಂದು ತೀರ್ಮಾನವಾಯಿತು.

ದ್ವಾರಕಾದ ಏಳನೇ ಮಹಡಿಯಲ್ಲಿ ಶಂಕರರ ಹೆಂಡತಿ ಪದ್ಮಾ ಊಟಕ್ಕೆ ಬಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಮೂವತ್ತು ವರ್ಷದಿಂದ ಕೇಳಿಸಿಕೊಳ್ಳುತ್ತ ಬಂದವರು. ಗಾಜು ಕುಗ್ಗುವ ವಿಷಯವೂ ಅವರಿಗೆ ಬಾಯಿಪಾಠ. ಶಂಕರ ಕೋಪದಲ್ಲಿರಲಿಲ್ಲ. ಕೋಪಕ್ಕೆ ಬೇಕಾದ ತ್ರಾಣ ಎಂದೋ ನಮೂನೆಗಳನ್ನು ತುಂಬುವುದರಲ್ಲಿ ಖರ್ಚಾಗಿತ್ತು. ಅನ್ನ ಕಲಸಿ ಹಾಗೇ ಕೂತಿದ್ದರು.

‘ನಿಮ್ಮಮ್ಮನ ಬೆಳ್ಳಿ ಪಂಚಪಾತ್ರೆ ನೆನಪಿದೆಯಾ?’ ಎಂದರು ಪದ್ಮಾ.

ನೆನಪಿತ್ತು. ಅಮ್ಮ ವರ್ಷಕ್ಕೊಮ್ಮೆ ದೆಹಲಿಗೆ ಬರುವಾಗಲೆಲ್ಲ ಅದನ್ನು ಕೇಳುತ್ತಿದ್ದರು. ಒಮ್ಮೆ ಮನೆ ಬದಲಾಯಿಸುವಾಗ ಕಳೆದುಹೋಗಿ ದೊಡ್ಡ ರಂಪವಾಗಿತ್ತು.

ಕಳೆದಿರಲಿಲ್ಲ ಎಂದರು ಪದ್ಮಾ. ಅಟ್ಟದ ಮೇಲೆ, ಹಿಂದಿನ ಟ್ರಂಕಿನಲ್ಲಿ, ಹಾಸಿಗೆ ಸುರುಳಿಯ ಕೆಳಗೆ ಇತ್ತು. ಪ್ರತಿ ವರ್ಷ ಏಣಿ ತಂದು, ಮೂರು ಟ್ರಂಕು ಇಳಿಸಿ, ತೋರಿಸಿ, ಮತ್ತೆ ಏರಿಸಬೇಕಿತ್ತು. ‘ಇದೆ ಅಂದರೆ ಪ್ರತಿ ಸಲ ಇಳಿಸಿ ತೋರಿಸಬೇಕು. ಹೋಯ್ತು ಅಂದೆ. ಒಂದು ದಿನ ಬೈದರು, ಮುಗೀತು.’

ಇಪ್ಪತ್ತೆರಡು ವರ್ಷ ಶಂಕರರೂ ಅದನ್ನು ಕಳೆದುಹೋದದ್ದೆಂದೇ ನಂಬಿದ್ದರು.

‘ಈಗಲೂ ಅಲ್ಲೇ ಇದೆಯಾ?’

‘ನೋಡಬೇಕಾ?’

‘ಬೇಡ’ ಎಂದರು ಶಂಕರ.

ಗೌರವ ವಿಜ್ಞಾನಿಯ ಕಡತಕ್ಕೆ ಸೇವಾ ದಾಖಲೆ ಶುಭ್ರವಾಗಿರಬೇಕಲ್ಲವೇ ಎಂದು ಪದ್ಮಾ ಕೇಳಿದರು. ಹೌದೆಂದರು ಶಂಕರ. ಪದ್ಮಾ ಇನ್ನೊಂದು ಸೌಟು ಸಾರು ಬಡಿಸಿ ಆ ವಿಷಯ ಬಿಟ್ಟರು.

ಗುರುವಾರ ಶಂಕರ ಪತ್ರ ಬರೆದರು, ಈ ಸಲ ಇಂಗ್ಲಿಷಿನಲ್ಲಿ, ಯಾವ ಶಾಸ್ತ್ರಕ್ಕೂ ಎಡೆಯಿಲ್ಲದ ಹಾಗೆ. ನಾಲ್ಕು ವರ್ಷದ ಹಿಂದೆ ಜೋಡಣೆಯ ಸಮಯದಲ್ಲಿ ತಮ್ಮ ಅಜಾಗರೂಕತೆಯಿಂದ ಒಂದು ಕನ್ನಡಿ ಕೈಜಾರಿ ಬಿದ್ದು ಒಡೆಯಿತು; ಚೂರುಗಳನ್ನು ಎಸೆಯಲಾಯಿತು; ತಿಳಿಸದೆ ಇದ್ದದ್ದು ತಪ್ಪು; ಹೊಣೆ ಸಂಪೂರ್ಣ ತಮ್ಮದು. ಕಚೇರಿಯ ಪ್ರಿಂಟರಿನಲ್ಲಿ ಶಾಯಿ ಮುಗಿದಿದ್ದರಿಂದ ಹಿಂದಿನ ಗೇಟು ದಾಟಿ ಓಲ್ಡ್ ರಾಜಿಂದರ್ ನಗರದ ಒಂದು ಜೆರಾಕ್ಸ್ ಅಂಗಡಿಗೆ ಹೋದರು. ಐಎಎಸ್ ಪರೀಕ್ಷೆಗೆ ಓದುವ ನಾಲ್ಕಾರು ರಾಜ್ಯಗಳ ಹುಡುಗರು ಸಾಲುಗಟ್ಟಿದ್ದರು. ನೀತಿಶಾಸ್ತ್ರದ ನೋಟ್ಸು ಸೊಂಟದೆತ್ತರ ಪೇರಿಸಿತ್ತು. ಅಂಗಡಿಯವನು ಅದರ ಮೇಲೆಯೇ ಶಂಕರರ ತಪ್ಪೊಪ್ಪಿಗೆಯನ್ನಿಟ್ಟು ಮೂರು ಪ್ರತಿ ತೆಗೆದುಕೊಟ್ಟ.

ಧಾರಿಣಿಗೆ ಮೊದಲು ಹೇಳಿದರು. ಅವಳು ಕೂಡಲೇ ಬೇಡವೆಂದಳು. ಆಮೇಲೆ ಡ್ರಮ್ಮಿನ ಕಡೆ ನೋಡಿದಳು. ಸಣ್ಣ ದನಿಯಲ್ಲಿ ಕೇಳಿದಳು: ‘ಸರ್, ರಿಸರ್ಚ್ ಪೇಪರ್ ಮೇ ಕ್ಯಾ ಲಿಖೂಂ? ಎಷ್ಟು ಕನ್ನಡಿ ಅಂತ ಬರೀಲಿ?’

‘ಎರಡು ಅಂತಲೇ ಬರಿ. ಅದು ವಿಜ್ಞಾನ.’

ಚಂದ್ರಕಾಂತರನ್ನು ಒಪ್ಪಿಸುವುದು ಕಷ್ಟವಾಯಿತು. ಉಗ್ರಾಣದ ಕಬ್ಬಿಣದ ಮೇಜಿಗೆ ಎದುರಾಗಿ ಕೂತು ಅವರು ಪತ್ರವನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು, ಬಾಗಿಲು ಮುಚ್ಚಿ ಬಂದು ಮತ್ತೆ ಕೂತರು. ಪರದೆಯ ಮೇಲಿನ ಚುಕ್ಕೆಯನ್ನು ತಾನು ನೋಡಿದ್ದೇನೆ, ಒಂದಿಲ್ಲದಿದ್ದರೆ ಚುಕ್ಕೆಯಿಲ್ಲ ಎಂದು ನೀವೇ ಹೇಳಿದ್ದು ಎಂದರು.

‘ಒಡೆದಿಲ್ಲ ಅಂತ ನನಗೆ ಗೊತ್ತದಲ್ರೀ.’

‘ಹೇಗೆ ಗೊತ್ತು? ಕಂಡಿದ್ದೀರಾ?’

ಚಂದ್ರಕಾಂತ ಕನ್ನಡಕ ಮತ್ತೆ ಹಾಕಿಕೊಂಡರು.

‘ಒಡೀತು ಅಂತ ನೀವು ಬರೀಬೇಡಿ’ ಎಂದರು ಶಂಕರ. ‘ಒಡೀತು ಅಂತ ಶಂಕರ ಬರೆದುಕೊಟ್ಟ ಅಂತ ಬರೀರಿ. ಕಾಗದ ನಿಮ್ಮ ಕೈಲಿದೆ, ಸಹಿ ಕಾಣ್ತಿದೆ. ಇದರಲ್ಲಿ ಸುಳ್ಳೇನಿದೆ?’

ಚಂದ್ರಕಾಂತ ಕಾಗದವನ್ನು ಬೆಳಕಿಗೆ ಹಿಡಿದರು, ಸಹಿಯನ್ನು ಬೆರಳಿನಿಂದ ಮುಟ್ಟಿದರು. ಇದರಿಂದ ನಿಮ್ಮ ಪಾಸು ಹೋಗುತ್ತದೆ ಎಂದು ಒಮ್ಮೆ ಹೇಳಿದರು. ಗೊತ್ತು ಎಂದರು ಶಂಕರ. ಚಂದ್ರಕಾಂತ ಎದ್ದು ಹೋಗಿ ಕಪಾಟಿನಿಂದ ಮೊಹರು ತಂದರು. ಶಾಯಿಪ್ಯಾಡು ಒಣಗಿತ್ತು, ಅದರ ಮೇಲೆ ಎರಡು ಹನಿ ನೀರು ಹಾಕಿದರು. ತೊಂಬತ್ತೊಂದನೇ ಪುಟದಲ್ಲಿ ‘ನಗ ಎರಡು’ ಎಂಬಲ್ಲಿ ಎರಡನ್ನು ಹೊಡೆದು ಒಂದು ಮಾಡಿ, ಪಕ್ಕದಲ್ಲಿ ‘ವಿಜ್ಞಾನಿಯ ಹೇಳಿಕೆಯಂತೆ’ ಎಂದು ಬರೆದು ಮೊಹರು ಒತ್ತಿದರು. ಅಚ್ಚು ಮಸುಕಾಗಿ ಬಂತು. ಇನ್ನೊಮ್ಮೆ ಒತ್ತಿದರು.

ಶುಕ್ರವಾರ ಡ್ರಮ್ ತೆರೆಯುವ ಅಗತ್ಯ ಇಲ್ಲವಾಯಿತು. ಇಲ್ಲದ ವಸ್ತುವನ್ನು ನೋಡಲು ಸಮಿತಿ ಸೇರುವ ನಿಯಮವಿರಲಿಲ್ಲ. ಅದೇ ಮಧ್ಯಾಹ್ನ ಪಖವಾಡದ ಸಮಾರೋಪ. ಪಖವಾಡದಲ್ಲಿ ಬಂದ ಹಿಂದಿ ಟಿಪ್ಪಣಿಗಳೆಲ್ಲ ತಾವಾಗಿಯೇ ಸ್ಪರ್ಧೆಗೆ ಸೇರುತ್ತಿದ್ದವು; ಹಿಂದಿಯೇತರ ಭಾಷಿಕರ ಟಿಪ್ಪಣಿ ಲೇಖನ ವಿಭಾಗದಲ್ಲಿ ಮೂರನೇ ಬಹುಮಾನ ಡಾಕ್ಟರ್ ಶಂಕರರಿಗೆ ಬಂದಿತ್ತು. ನಿರೂಪಕಿ ಟಿಪ್ಪಣಿಯ ಒಂದು ಭಾಗವನ್ನು ಭಾವಪೂರ್ಣವಾಗಿ ಓದಿದಳು. ‘ಅನುಮಾನ್ ಸೇ ಸಿದ್ಧ್ ಹೈ’ ಎಂಬಲ್ಲಿ ರಾಜಭಾಷಾ ಅಧಿಕಾರಿ ತಲೆದೂಗಿದರು, ಆಡಳಿತಾಧಿಕಾರಿ ಚಪ್ಪಾಳೆ ತಟ್ಟಿದರು. ಒಂದು ಪ್ರಮಾಣಪತ್ರ ಮತ್ತು ಸ್ಟೀಲಿನ ನೀರಿನ ಬಾಟಲಿ ಕೊಟ್ಟರು. ಶಂಕರ ಧನ್ಯವಾದ್ ಎಂದಷ್ಟೇ ಹೇಳಿ ಇಳಿದರು. ಆ ಪದಕ್ಕೆ ಎಲ್ಲ ಕಡೆಯೂ ಒಂದೇ ಅರ್ಥ.

ಸೋಮವಾರ ಎರಡು ಕಾಗದ ಬಂದವು. ಒಂದು, ಸರ್ಕಾರಿ ಆಸ್ತಿಯ ನಷ್ಟವನ್ನು ಮರೆಮಾಚಿದ್ದಕ್ಕಾಗಿ ಲಿಖಿತ ಎಚ್ಚರಿಕೆ. ಇನ್ನೊಂದು, ಮೇಲಿನದರ ಹಿನ್ನೆಲೆಯಲ್ಲಿ ಗೌರವ ವಿಜ್ಞಾನಿ ಪ್ರಸ್ತಾವವನ್ನು ಶಿಫಾರಸು ಮಾಡಲಾಗದು ಎಂದು. ಎರಡಕ್ಕೂ ಶಂಕರ ಸ್ವೀಕೃತಿ ಸಹಿ ಹಾಕಿದರು. ಎರಡರಲ್ಲೂ ಅವರ ಹೆಸರಿನ ಕಾಗುಣಿತ ಬೇರೆಬೇರೆಯಾಗಿತ್ತು, ತಿದ್ದಲು ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅವರು ಕೊನೆಯ ಅಳತೆ ಬರೆದರು. ಅಂಕಿ ನಿನ್ನೆಗಿಂತ ಕೂದಲಿನಷ್ಟು ಸರಿದಿತ್ತು, ಸರಿಯಬೇಕಾದಷ್ಟೇ. ಪುಸ್ತಕವನ್ನು ಧಾರಿಣಿಗೆ ಕೊಟ್ಟು, ಮಳೆ ನಿಂತು ಚಳಿ ಬರುವಾಗ ಕೋಣೆಯ ಉಷ್ಣತೆ ಅರ್ಧ ಡಿಗ್ರಿ ಇಳಿಯುತ್ತದೆ, ಗಾಬರಿಯಾಗಬೇಡ ಎಂದರು. ನಾಲ್ಕು ಗಂಟೆಗೆ ಶಾಲು, ಹೂಗುಚ್ಛ, ಸಮೋಸ. ಎಚ್ಚರಿಕೆ ಪತ್ರವಿದ್ದವರ ಬಗ್ಗೆ ಭಾಷಣ ಮಾಡುವ ಪದ್ಧತಿ ಇಲ್ಲದ್ದರಿಂದ ಸಭೆ ಬೇಗ ಮುಗಿಯಿತು. ಗೇಟಿನಲ್ಲಿ ಪಾಸನ್ನು ವಾಪಸು ಕೊಡುವಾಗ ಚಂದ್ರಕಾಂತ ಜೊತೆಗಿದ್ದರು. ಶಾಲಿನ ಚೀಲವನ್ನು ಮೆಟ್ರೋವರೆಗೂ ಅವರೇ ಹಿಡಿದುಕೊಂಡರು. ದಾರಿಯಲ್ಲಿ ಇಬ್ಬರೂ ದ್ವಾರಕಾದ ನೀರಿನ ಟ್ಯಾಂಕರುಗಳ ಬಗ್ಗೆ ಮಾತಾಡಿದರು.

ಧಾರಿಣಿ ದಿನಾ ಹತ್ತಕ್ಕೆ ಅಳತೆ ಬರೆದಳು. ಭಾನುವಾರಗಳಲ್ಲಿ ಮಯೂರ್ ವಿಹಾರಿನಿಂದ ಅದಕ್ಕೆಂದೇ ಬಂದಳು. ಏಪ್ರಿಲಿನಲ್ಲಿ ಮತ್ತೊಂದು ಪರಿಶೀಲನೆಯಾಯಿತು. ಕಿಟಕಿಯಲ್ಲಿ ಕಣ್ಣು ಕಂಡಿತು, ಒಂದಕ್ಕೆ ಟಿಕ್ ಬಿತ್ತು. ಡ್ರಮ್ ತೆರೆಯಲಿಲ್ಲ. ಮುಂದಿನ ಜುಲೈ ಹದಿನಾಲ್ಕಕ್ಕೆ ದಾಖಲೆ ಐದು ವರ್ಷ ಪೂರೈಸಿತು. ಆ ದಿನಕ್ಕೆ ಡಾಕ್ಟರ್ ಶಂಕರರ ಹೆಸರಿನಲ್ಲಿ ಕೇಳಿದ್ದ ಸಂದರ್ಶಕ ಪಾಸು ಮಂಜೂರಾಗಲಿಲ್ಲ.